ಪ್ಯಾಲಡಿನ್‌ನ ಏಟು, ಮಂಕ್‌ನ ಗೋಳು: ಕ್ಲಾಸ್ ಬದಲಿಸುವ ಮೊದಲು ಲಾಂಗ್ ರೆಸ್ಟ್ ಬದಲಿಸಿ

ಪ್ರಶ್ನೆ: ಮೇಡಂ, ನಾನು ಮಂಡ್ಯದವನು. ಭಾನುವಾರ ಮಧ್ಯಾಹ್ನ ಮೈಸೂರಿನ ಕುವೆಂಪುನಗರದಲ್ಲಿ ಸ್ನೇಹಿತನ ಮನೆಯಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ನಾನು ಡಿಎಂ. ಆಡುವವರು ಐದು ಜನ: ಪ್ಯಾಲಡಿನ್, ಫೈಟರ್, ವಿಝಾರ್ಡ್, ಮಂಕ್, ರೇಂಜರ್. ಎಲ್ಲರೂ ಐದನೇ ಲೆವೆಲ್. ಶುರು ಮಾಡಿದ್ದು 2014ರ ನಿಯಮದಲ್ಲಿ. ಈಗ ಮಂಕ್ ಆಡುವ ಹುಡುಗಿ 2024ರ ಪುಸ್ತಕ ತಂದಿದ್ದಾಳೆ. "ಇದರಲ್ಲಿ ನನ್ನ ಕ್ಲಾಸ್ ಚೆನ್ನಾಗಿದೆ, ಎಲ್ಲರೂ ಇದಕ್ಕೇ ಬರೋಣ" ಅಂತಾಳೆ. ಪ್ಯಾಲಡಿನ್ ಆಡುವವನು ನನ್ನ ಅತ್ತೆ ಮಗ. "ಸ್ಮೈಟ್ ನರ್ಫ್ ಮಾಡಿ, ಅಂದ್ರೆ ಬಲ ಇಳಿಸಿ, ಸಾಯಿಸಿದ್ದಾರೆ, ನಾನು ಬರಲ್ಲ" ಅಂತಾನೆ. ಫೈಟರ್‌ಗೆ ಬೇಜಾರು. ಒಂದು ಫೀಟ್ (ಪಾತ್ರಕ್ಕೆ ಸಿಗುವ ವಿಶೇಷ ಕೌಶಲ) ತೆಗೆದುಕೊಳ್ಳಬೇಕು ಅಂತ ಕಾಯ್ತಿದ್ದ, ಹೊಸ ಪುಸ್ತಕದಲ್ಲಿ ಅದೂ ಬದಲಾಗಿದೆ. ವಿಝಾರ್ಡ್ ಮಾತ್ರ ಸುಮ್ನೆ ನಗ್ತಾನೆ, ಯಾಕಂದ್ರೆ ಪ್ರತಿ ವಾರ ಎರಡು ಫೈರ್‌ಬಾಲ್ ಹಾಕಿ ಆಟ ಮುಗಿಸೋದು ಅವನೇ. ನಮಗೆ ಸಿಗೋದು ನಾಲ್ಕು ಗಂಟೆ. ಒಂದು ದೊಡ್ಡ ಕಾಳಗ ಮುಗಿಯೋ ಹೊತ್ತಿಗೆ ನನಗೆ ರೈಲಿನ ಟೈಮ್ ಆಗುತ್ತೆ. ಮುಂದಿನ ವಾರಕ್ಕೆ ಲೆಕ್ಕ ನೆನಪಿರಲ್ಲ ಅಂತ "ಎಲ್ಲರೂ ಲಾಂಗ್ ರೆಸ್ಟ್ ಮಾಡಿದರು" ಅಂತ ಬರೆದು ಏಳ್ತೀವಿ. ಈಗ ನಾನೇನು ಮಾಡಲಿ? ಎಲ್ಲರನ್ನೂ ಹೊಸದಕ್ಕೆ ತರಲಾ, ಹಳೆಯದರಲ್ಲೇ ಇರಲಾ, ಅವರವರಿಗೆ ಬೇಕಾದ್ದು ಬಿಡಲಾ? ಬದಲಿಸಿದರೆ ಹಿಂದೆ ಆಡಿದ್ದರ ಗತಿ ಏನು? ಭಾವ ಎರಡು ವಾರದಿಂದ ನನ್ನ ಹತ್ತಿರ ಸರಿಯಾಗಿ ಮಾತಾಡ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಟ್ಟಿಗೆ ಸೇರಿಕೊಂಡಿವೆ. ಯಾವ ನಿಯಮ ಸರಿ ಅನ್ನುವುದು ಒಂದು. ನೆಂಟಸ್ತಿಕೆ ಕೆಡದ ಹಾಗೆ ಅದನ್ನು ತೀರ್ಮಾನ ಮಾಡುವುದು ಹೇಗೆ ಅನ್ನುವುದು ಇನ್ನೊಂದು. ಎರಡಕ್ಕೂ ಬರುತ್ತೇನೆ. ಆದರೆ ನಿಮ್ಮ ಮೇಜಿನ ಮುಖ್ಯ ತೊಂದರೆಯನ್ನು ನೀವೇ ಪತ್ರದ ಕೊನೆಯ ಕಡೆ ಬರೆದಿದ್ದೀರಿ, ಅದನ್ನು ತೊಂದರೆ ಅಂದುಕೊಳ್ಳದೆ. "ಎಲ್ಲರೂ ಲಾಂಗ್ ರೆಸ್ಟ್ ಮಾಡಿದರು ಅಂತ ಬರೆದು ಏಳ್ತೀವಿ" ಅಂದಿದ್ದೀರಲ್ಲ, ನಾನು ನಿಂತಿದ್ದು ಅಲ್ಲಿ.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಅವರು ಡಿಎಂ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ ಆಗುತ್ತಾರೆ. ಪಾತ್ರಕ್ಕೊಂದು ಕ್ಲಾಸ್ ಇರುತ್ತದೆ, ಅಂದರೆ ಅದರ ಕಸುಬು. ಫೈಟರ್ ಆಯುಧ ಹಿಡಿದವನು, ವಿಝಾರ್ಡ್ ಮಂತ್ರಗಾರ, ಪ್ಯಾಲಡಿನ್ ಹರಕೆ ಹೊತ್ತ ಯೋಧ, ಮಂಕ್ ಕೈಕಾಲಿನಲ್ಲೇ ಹೊಡೆದಾಡುವ ಸಾಧಕ, ರೇಂಜರ್ ಕಾಡು ಬಲ್ಲ ಬೇಟೆಗಾರ. ಹೊಡೆತ ತಗುಲಿತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕೆಲವು ಶಕ್ತಿಗಳನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಕೆಲವು ಒಂದು ಗಂಟೆಯ ಶಾರ್ಟ್ ರೆಸ್ಟ್ ಆದ ಮೇಲೆ ವಾಪಸ್ ಬರುತ್ತವೆ. ಇನ್ನು ಕೆಲವು ರಾತ್ರಿ ನಿದ್ದೆ, ಅಂದರೆ ಲಾಂಗ್ ರೆಸ್ಟ್ ಆದ ಮೇಲೇ ಬರುತ್ತವೆ. ಯಾವ ಕ್ಲಾಸ್ ಬಲವಾಗಿ ಕಾಣುತ್ತದೆ ಅನ್ನುವುದು ಬಹಳ ಮಟ್ಟಿಗೆ ಈ ಮೂರನೆಯ ಬಗೆ ಎಷ್ಟು ಬೇಗ ವಾಪಸ್ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ.

ನಾನು ಮೈಸೂರಿನಲ್ಲಿ ಬಹಳ ವರ್ಷಗಳಿಂದ ಇಂಥ ಆಟ ನಡೆಸುತ್ತಿದ್ದೇನೆ. ಬೇರೆಯವರು ಬರೆದ ನಿಯಮಗಳನ್ನು ಆಡಿಸಿ, ಎಲ್ಲಿ ಬಿರುಕು ಬಿಡುತ್ತದೆ ಅಂತ ಹೇಳುವುದೂ ನನ್ನ ಕೆಲಸ. "ಆ ಕ್ಲಾಸ್ ಜಾಸ್ತಿ ಆಯ್ತು" ಅಂತ ದೂರು ಬಂದಾಗ ನಾನು ಮೊದಲು ಕೇಳುವುದು ಒಂದೇ: ಎರಡು ಲಾಂಗ್ ರೆಸ್ಟ್ ನಡುವೆ ಎಷ್ಟು ಕಾಳಗ ಆಗುತ್ತವೆ? ನಿಮ್ಮಲ್ಲಿ ಒಂದು. 2014ರ ಡಿಎಂ ಪುಸ್ತಕ ಅಂದಾಜು ಮಾಡಿದ್ದು ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಷ್ಟದ ಎದುರಾಟ, ಮಧ್ಯೆ ಸುಮಾರು ಎರಡು ಶಾರ್ಟ್ ರೆಸ್ಟ್. 2014ರ ಕ್ಲಾಸ್‌ಗಳ ತೂಕ ಕೂಡುವುದು ಆ ಲೆಕ್ಕದಲ್ಲಿ. ಅಷ್ಟು ಆಡುವ ಗುಂಪು ನಾನು ನೋಡಿದ್ದು ಬಹಳ ಕಡಿಮೆ, ಅದು ಬೇರೆ ಮಾತು.

ಅಂಕಿಯಲ್ಲೇ ನೋಡೋಣ. ನಿಮ್ಮ ಫೈಟರ್ ಮತ್ತು ಪ್ಯಾಲಡಿನ್ ಇಬ್ಬರ ಕೈಯಲ್ಲೂ ದೊಡ್ಡ ಕತ್ತಿ ಇದೆ ಅಂದುಕೊಳ್ಳಿ. ಇಬ್ಬರಿಗೂ ಸ್ಟ್ರೆಂತ್ 18. ಎದುರಾಳಿಯ ಎಸಿ, ಅಂದರೆ ಹೊಡೆತ ತಗುಲಲು ಮುಟ್ಟಬೇಕಾದ ಅಂಕ, 15. ಗುರಿಗೆ ತಗುಲುವ ಸಾಧ್ಯತೆ ಶೇ. 65. ತಗುಲಿದರೆ ಸರಾಸರಿ 11 ಡ್ಯಾಮೇಜ್. ಟರ್ನಿಗೆ ಎರಡು ಹೊಡೆತ, ಅಂದರೆ ಟರ್ನಿಗೆ ಸರಾಸರಿ 14.3. ಕ್ರಿಟಿಕಲ್ (ದಾಳದಲ್ಲಿ 20 ಬಿದ್ದಾಗಿನ ಜೋರಾದ ಏಟು) ಲೆಕ್ಕ ಬಿಟ್ಟಿದ್ದೇನೆ.

ಮೂರು ರೌಂಡಿನ ಒಂದೇ ಕಾಳಗದಲ್ಲಿ ಫೈಟರ್ ಸುಮಾರು 43 ಮಾಡುತ್ತಾನೆ. ಆಕ್ಷನ್ ಸರ್ಜ್, ಅಂದರೆ ಒಂದೇ ಟರ್ನಿನಲ್ಲಿ ಇನ್ನೊಂದು ಆಕ್ಷನ್, ಬಳಸಿದರೆ 57. ಪ್ಯಾಲಡಿನ್‌ದೂ ಅದೇ 43. ಆದರೆ ಅವನು ಆರು ಹೊಡೆತದಲ್ಲಿ ತಗುಲಿದ ಸುಮಾರು ನಾಲ್ಕಕ್ಕೂ ಸ್ಮೈಟ್ ಸುರಿಯಬಹುದು. ಸ್ಮೈಟ್ ಅಂದರೆ ಸ್ಲಾಟ್ ಖರ್ಚು ಮಾಡಿ ಏಟಿಗೆ ಸೇರಿಸುವ ಹೆಚ್ಚುವರಿ ಡ್ಯಾಮೇಜ್; ಸ್ಲಾಟ್ ಅಂದರೆ ದಿನಕ್ಕೆ ಇಷ್ಟೇ ಅಂತ ಸಿಗುವ ಮಂತ್ರಶಕ್ತಿಯ ಕಂತು. ಎರಡನೇ ಹಂತದ ಎರಡು ಸ್ಲಾಟ್, ಮೊದಲ ಹಂತದ ಎರಡು ಸ್ಲಾಟ್ ಸೇರಿ ಇನ್ನೂ 45. ಒಟ್ಟು 88. ಒಬ್ಬ 57, ಇನ್ನೊಬ್ಬ 88. ಪಕ್ಕದಲ್ಲಿ ಕೂತ ಫೈಟರ್‌ಗೆ ಬೇಜಾರಾಗದೆ ಇನ್ನೇನಾಗುತ್ತದೆ?

ಈಗ ಅದೇ ಇಬ್ಬರನ್ನು ಒಂದೇ ದಿನದಲ್ಲಿ ಐದು ಕಾಳಗಕ್ಕೆ ಕಳಿಸಿ, ಮಧ್ಯೆ ಎರಡು ಶಾರ್ಟ್ ರೆಸ್ಟ್ ಕೊಡಿ. ಹದಿನೈದು ರೌಂಡಿನಲ್ಲಿ ಇಬ್ಬರಿಗೂ 215ರ ಹತ್ತಿರ ಬರುತ್ತದೆ. ಫೈಟರ್‌ಗೆ ಆಕ್ಷನ್ ಸರ್ಜ್ ಮೂರು ಸಲ ಸಿಗುತ್ತದೆ, ಒಟ್ಟು ಸುಮಾರು 257. ಪ್ಯಾಲಡಿನ್ ತನ್ನ ಆರೂ ಸ್ಲಾಟ್ ಸ್ಮೈಟ್‌ಗೇ ಖರ್ಚು ಮಾಡಿದರೆ ಮೇಲೆ 63, ಒಟ್ಟು 277ರ ಆಸುಪಾಸು. ಅಂತರ ಎಲ್ಲಿ ಹೋಯಿತು ನೋಡಿ. ಕ್ಲಾಸಿನಲ್ಲಿ ಒಂದಕ್ಷರ ಬದಲಾಗಿಲ್ಲ, ದಿನ ಉದ್ದವಾಯಿತು ಅಷ್ಟೇ. ಆ ಉದ್ದದ ದಿನದಲ್ಲಿ ಪ್ಯಾಲಡಿನ್ ಒಂದೆರಡು ಸ್ಲಾಟನ್ನು ಗಾಯ ವಾಸಿ ಮಾಡಲಿಕ್ಕೂ ಇಟ್ಟುಕೊಳ್ಳಬೇಕಾಗುತ್ತದೆ. ಆಗ ಫೈಟರ್‌ನೇ ಮುಂದೆ ಹೋದರೂ ಹೋಗಬಹುದು.

ವಿಝಾರ್ಡ್ ಕಥೆಯೂ ಇದೇ. ಫೈರ್‌ಬಾಲ್ ಅಂದರೆ ಎಂಟು ಡಿ6 (ಆರು ಮುಖದ ದಾಳ), ಸರಾಸರಿ 28, ಇಪ್ಪತ್ತು ಅಡಿ ತ್ರಿಜ್ಯದೊಳಗೆ ಇರುವ ಎಲ್ಲರಿಗೂ. ಐದನೇ ಲೆವೆಲ್‌ನಲ್ಲಿ ಅವನಿಗೆ ಮೂರನೇ ಹಂತದ ಸ್ಲಾಟ್ ಇರುವುದು ಎರಡೇ. ಆರ್ಕೇನ್ ರಿಕವರಿಯಿಂದ ಇನ್ನೊಂದು ವಾಪಸ್ ಬರಬಹುದು. ದಿನಕ್ಕೆ ಒಂದೇ ಕಾಳಗ ಅಂತ ಗೊತ್ತಿದ್ದರೆ ಅವನು ಯಾಕೆ ಉಳಿಸಬೇಕು? ಇನ್ನೊಂದು ವಿಷಯ ಗಮನಿಸಿ. 2024ರಲ್ಲೂ ಫೈರ್‌ಬಾಲ್ ಅದೇ ಎಂಟು ಡಿ6. ಹೊಸ ಪುಸ್ತಕಕ್ಕೆ ಹೋದರೆ ಈ ತೊಂದರೆ ಕೂದಲೆಳೆಯಷ್ಟೂ ಕಡಿಮೆ ಆಗುವುದಿಲ್ಲ. ನಿಮ್ಮ ವಾದದಲ್ಲಿ ಎಲ್ಲರೂ ಪ್ಯಾಲಡಿನ್ ಮೇಲೆ ಬಿದ್ದಿದ್ದಾರೆ, ವಿಝಾರ್ಡ್ ಸುಮ್ಮನೆ ತಪ್ಪಿಸಿಕೊಂಡಿದ್ದಾನೆ.

ಇನ್ನು ಭಾವನ ಸ್ಮೈಟ್. "ಸಾಯಿಸಿದ್ದಾರೆ" ಅನ್ನುವುದು ನಿಜವಾ? ಹಳೆಯ ನಿಯಮದಲ್ಲಿ ಹೊಡೆತ ತಗುಲಿದ ಮೇಲೆ ಸ್ಲಾಟ್ ಖರ್ಚು ಮಾಡಿ ಡ್ಯಾಮೇಜ್ ಸೇರಿಸಬಹುದಿತ್ತು. ಯಾವ ಆಕ್ಷನ್ನೂ ಬೇಕಿರಲಿಲ್ಲ. ಒಂದೇ ಟರ್ನಿನಲ್ಲಿ ಎರಡು ಹೊಡೆತಕ್ಕೂ ಹಾಕಬಹುದಿತ್ತು. ಎರಡನೇ ಹಂತದ ಎರಡು ಸ್ಲಾಟ್ ಹಾಕಿದರೆ ಒಂದೇ ಟರ್ನಿನಲ್ಲಿ ಸರಾಸರಿ 27 ಹೆಚ್ಚುವರಿ. ಹೊಸದರಲ್ಲಿ ಸ್ಮೈಟ್ ಒಂದು ಮಂತ್ರ ಆಗಿದೆ. ಹೊಡೆತ ತಗುಲಿದ ಕೂಡಲೇ ಬೋನಸ್ ಆಕ್ಷನ್, ಅಂದರೆ ಟರ್ನಿಗೆ ಒಂದೇ ಸಿಗುವ ಸಣ್ಣ ಹೆಚ್ಚುವರಿ ಕೆಲಸ, ಕೊಟ್ಟು ಹಾಕಬೇಕು. ಹಾಗಾಗಿ ಟರ್ನಿಗೆ ಒಂದೇ, 13.5. ಇಲ್ಲಿಗೆ ನೋಡಿದರೆ ಅರ್ಧ ಕಿತ್ತುಕೊಂಡ ಹಾಗೇ ಕಾಣುತ್ತದೆ.

ಆದರೆ ಸ್ಲಾಟ್‌ಗಳ ಸಂಖ್ಯೆ ಕಡಿಮೆ ಆಗಿಲ್ಲ. ದಿನದ ಒಟ್ಟು ಸ್ಮೈಟ್ ಹಳೆಯದರಲ್ಲಿ ಸರಾಸರಿ 63. ಹೊಸದರಲ್ಲಿ ದಿನಕ್ಕೊಂದು ಸ್ಮೈಟ್ ಸ್ಲಾಟ್ ಇಲ್ಲದೆ ಪುಕ್ಕಟೆ ಸಿಗುತ್ತದೆ, ಅದಕ್ಕೆ 9 ಸೇರಿಸಿ, 72. ಸುರಿಯುವ ವೇಗ ಇಳಿದಿದೆ, ಒಟ್ಟು ಮೊತ್ತ ಏರಿದೆ. ದಿನಕ್ಕೆ ಒಂದೇ ಕಾಳಗ ಆಡುವ ಮೇಜಿನಲ್ಲಿ ವೇಗವೇ ಎಲ್ಲಾ, ಅದಕ್ಕೇ ಭಾವನಿಗೆ ಇದು ಸಾವಿನ ಹಾಗೆ ಕಾಣುತ್ತಿದೆ. ನಾಲ್ಕೈದು ಕಾಳಗ ಆಡುವ ಮೇಜಿನಲ್ಲಿ ಈ ಬದಲಾವಣೆ ಅಷ್ಟಾಗಿ ಕಾಣುವುದೇ ಇಲ್ಲ.

ಹಾಗಂತ ಅವನ ದೂರು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಬೋನಸ್ ಆಕ್ಷನ್ ಕೇಳುವುದು ನಿಜವಾಗಿ ನೋಯಿಸುವ ಬದಲಾವಣೆ. ಹೊಸದರಲ್ಲಿ ಮುಟ್ಟಿ ಗಾಯ ವಾಸಿ ಮಾಡುವ ಲೇ ಆನ್ ಹ್ಯಾಂಡ್ಸ್ ಕೂಡ ಬೋನಸ್ ಆಕ್ಷನ್‌ಗೆ ಬಂದಿದೆ. ಬಿದ್ದ ಗೆಳೆಯನನ್ನು ಎಬ್ಬಿಸಬೇಕಾ, ಸ್ಮೈಟ್ ಹಾಕಬೇಕಾ ಅಂತ ಅದೇ ಟರ್ನಿನಲ್ಲಿ ಆರಿಸಬೇಕು. ಮಂತ್ರ ಆಗಿರುವುದರಿಂದ ಎದುರಾಳಿ ಕೌಂಟರ್‌ಸ್ಪೆಲ್ ಹಾಕಿ ತಡೆಯಬಹುದು. ಸದ್ದು ಅಡಗಿಸುವ ಸೈಲೆನ್ಸ್ ಮಂತ್ರದ ಒಳಗೆ ಸಿಕ್ಕಿಬಿದ್ದರೆ ಸ್ಮೈಟ್ ಬರುವುದಿಲ್ಲ. ಹರಕೆಯ ಬಲದಿಂದ ಹೊಡೆಯುವ ಯೋಧನನ್ನು ಒಬ್ಬ ಮಂತ್ರಗಾರ ಬೆರಳು ಆಡಿಸಿ ನಿಲ್ಲಿಸುವುದು ನನಗೂ ಹಿಡಿಸುವುದಿಲ್ಲ. ಇದನ್ನು ಅವನಿಗೆ ಹೇಳಿ. ಅವನ ಮಾತಿನಲ್ಲಿ ಸತ್ಯ ಎಷ್ಟಿದೆಯೋ ಅಷ್ಟನ್ನು ಮೊದಲು ಒಪ್ಪಿಕೊಂಡರೆ ಉಳಿದದ್ದು ಮಾತಾಡಲು ದಾರಿ ಆಗುತ್ತದೆ.

ಮಂಕ್ ವಿಷಯಕ್ಕೆ ಬರೋಣ. "ಮಂಕ್ ಡ್ಯಾಮೇಜ್ ಕಡಿಮೆ" ಅನ್ನುವ ಮಾತು ಎಲ್ಲೆಡೆ ಕೇಳುತ್ತೇನೆ. ಐದನೇ ಲೆವೆಲ್‌ನಲ್ಲಿ ಅದು ಸರಿಯಲ್ಲ. ಹಳೆಯ ನಿಯಮದಲ್ಲೇ ಎರಡು ಕೈಯಲ್ಲಿ ಹಿಡಿದ ದೊಣ್ಣೆಯಿಂದ ಎರಡು ಹೊಡೆತ, ಬೋನಸ್ ಆಕ್ಷನ್‌ನಲ್ಲಿ ಒಂದು ಗುದ್ದು ಸೇರಿ, ಅದೇ ಎಸಿ 15ರ ಎದುರಾಳಿಗೆ ಟರ್ನಿಗೆ ಸರಾಸರಿ 15.9 ಬರುತ್ತದೆ. ಫೈಟರ್‌ನ 14.3ಕ್ಕಿಂತ ಒಂದು ಕೈ ಮೇಲೆ. ಹಿಂದೆ ಬೀಳುವುದು ಇನ್ನೂ ಮೇಲಿನ ಲೆವೆಲ್‌ಗಳಲ್ಲಿ.

ಈಗ ಅವಳ ಗೋಳು ಬೇರೆ ಕಡೆ ಇರಬೇಕು. ಮಂಕ್ ಎದುರಾಳಿಯ ಮುಂದೆಯೇ ನಿಲ್ಲಬೇಕು, ಆದರೆ ದೇಹ ಡಿ8ರದ್ದು, ಫೈಟರ್‌ನಷ್ಟು ಗಟ್ಟಿ ಅಲ್ಲ. ಕಾಪಾಡಿಕೊಳ್ಳಲಿಕ್ಕೂ ಕಿ, ಅಂದರೆ ಮಂಕ್‌ನ ಶಕ್ತಿಯ ಅಂಕ, ಖರ್ಚು, ಹಿಂದೆ ಸರಿಯಲಿಕ್ಕೂ ಕಿ ಖರ್ಚು, ಎದುರಾಳಿಯನ್ನು ಸ್ತಬ್ಧ ಮಾಡುವ ಸ್ಟನ್ನಿಂಗ್ ಸ್ಟ್ರೈಕ್‌ಗೂ ಕಿ ಖರ್ಚು. ಇರುವುದು ಐದೇ. ಅದು ಶಾರ್ಟ್ ರೆಸ್ಟ್‌ನಲ್ಲಿ ವಾಪಸ್ ಬರುತ್ತದೆ. ನಿಮ್ಮಲ್ಲಿ ಶಾರ್ಟ್ ರೆಸ್ಟ್ ಅನ್ನುವುದೇ ಇಲ್ಲವಲ್ಲ! ಎರಡು ಶಾರ್ಟ್ ರೆಸ್ಟ್ ಇರುವ ದಿನದಲ್ಲಿ ಅವಳಿಗೆ ಹದಿನೈದು ಕಿ ಸಿಗಬೇಕು. ನೀವು ಕೊಡುತ್ತಿರುವುದು ಐದು. ನಿಮ್ಮ ಮೇಜಿನಲ್ಲಿ ಅತಿ ಹೆಚ್ಚು ನಷ್ಟ ಆಗಿರುವುದು ಅವಳಿಗೆ ಮತ್ತು ಫೈಟರ್‌ಗೆ. ಅವಳು ಹೊಸ ಪುಸ್ತಕದ ಕಡೆ ನೋಡುತ್ತಿರುವುದರಲ್ಲಿ ಆಶ್ಚರ್ಯ ಇಲ್ಲ.

2024ರಲ್ಲಿ ಮಂಕ್‌ಗೆ ನಿಜವಾದ ಸುಧಾರಣೆ ಆಗಿದೆ ಅನ್ನುವುದೂ ಸತ್ಯ. ಹಿಂದೆ ಸರಿಯುವುದು, ಓಡುವುದು ಈಗ ಬೋನಸ್ ಆಕ್ಷನ್‌ನಲ್ಲಿ ಪುಕ್ಕಟೆ. ಕಿ ಹೆಸರು ಫೋಕಸ್ ಪಾಯಿಂಟ್ ಆಗಿದೆ. ದಿನಕ್ಕೆ ಒಂದು ಸಲ ಕಾಳಗ ಶುರುವಾದಾಗ ಅವು ಪೂರ್ತಿ ತುಂಬಿಕೊಳ್ಳುತ್ತವೆ. ಐದನೇ ಲೆವೆಲ್‌ನಲ್ಲಿ ಗುದ್ದಿನ ದಾಳ ಡಿ6 ಇದ್ದದ್ದು ಡಿ8. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಡಿಫ್ಲೆಕ್ಟ್ ಅಟ್ಯಾಕ್ಸ್. ಹಿಂದೆ ಬಾಣದ ಹಾಗೆ ದೂರದಿಂದ ಬರುವುದನ್ನು ಮಾತ್ರ ತಡೆಯಬಹುದಿತ್ತು, ಈಗ ಕತ್ತಿ, ದೊಣ್ಣೆ, ಉಗುರು ಎಲ್ಲವನ್ನೂ ತಡೆಯಬಹುದು. ಐದನೇ ಲೆವೆಲ್‌ನಲ್ಲಿ ಒಂದು ಹೊಡೆತದಿಂದ ಸರಾಸರಿ 14.5 ಕಡಿತ. ಮುಂದೆ ನಿಂತು ಆಡುವವರಿಗೆ ಇದು ದೊಡ್ಡ ಆಸರೆ. ಬದಲಿಗೆ ಸ್ಟನ್ನಿಂಗ್ ಸ್ಟ್ರೈಕ್ ಅನ್ನು ಟರ್ನಿಗೆ ಒಂದೇ ಸಲಕ್ಕೆ ಇಳಿಸಿದ್ದಾರೆ. ಡಿಎಂ ಆಗಿ ನಿಮಗೆ ಅದು ಒಳ್ಳೆಯದೇ. ನಿಮ್ಮ ದೊಡ್ಡ ರಾಕ್ಷಸ ಇಡೀ ಕಾಳಗ ಕಂಬದ ಹಾಗೆ ನಿಂತಿರುವುದು ತಪ್ಪುತ್ತದೆ.

ಫೈಟರ್ ಕಾಯುತ್ತಿದ್ದ ಫೀಟ್ ಗ್ರೇಟ್ ವೆಪನ್ ಮಾಸ್ಟರ್ ಇರಬೇಕು, ಆರನೇ ಲೆವೆಲ್‌ನಲ್ಲಿ ತೆಗೆದುಕೊಳ್ಳಲು. ಹಳೆಯದು ಗುರಿಯಿಂದ 5 ಕಳೆದು ಡ್ಯಾಮೇಜ್‌ಗೆ 10 ಸೇರಿಸುತ್ತಿತ್ತು. ಹೊಸದು ಏನೂ ಕಳೆಯದೆ, ಲೆವೆಲ್ ಜೊತೆ ಬೆಳೆಯುವ ಪ್ರೊಫಿಶಿಯನ್ಸಿ ಬೋನಸ್ ಸೇರಿಸುತ್ತದೆ, ಆ ಲೆವೆಲ್‌ಗೆ 3. ಹತ್ತು ಹೋಗಿ ಮೂರು ಬಂತು ಅಂದರೆ ಯಾರಿಗಾದರೂ ಮೋಸ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಎಸಿ 15ಕ್ಕೆ ಒಂದು ಹೊಡೆತದ ಸರಾಸರಿ ಹಳೆಯದರಲ್ಲಿ 8.4, ಹೊಸದರಲ್ಲಿ 9.1. ಎಸಿ 18ಕ್ಕೆ ಹಳೆಯದು 5.25, ಹೊಸದು 7. ಹಳೆಯದು ಗೆಲ್ಲುವುದು ಅಡ್ವಾಂಟೇಜ್ (ಎರಡು ದಾಳ ಎಸೆದು ದೊಡ್ಡದನ್ನು ತೆಗೆದುಕೊಳ್ಳುವುದು) ಇದ್ದಾಗ: ಎಸಿ 15ಕ್ಕೆ 13.4, ಹೊಸದರಲ್ಲಿ 12.3. ಪ್ರತಿ ಟರ್ನಿಗೂ ಯಾರೋ ಅಡ್ವಾಂಟೇಜ್ ಕೊಡುವ ಗುಂಪಾದರೆ ಮಾತ್ರ ಅವನು ಬೇಜಾರು ಮಾಡಿಕೊಳ್ಳಬೇಕು.

ಫೈಟರ್‌ನ ಬೇಜಾರು ಡ್ಯಾಮೇಜ್‌ದು ಮಾತ್ರ ಇರಲಿಕ್ಕಿಲ್ಲ ಅಂತ ನನ್ನ ಅನುಮಾನ. ಪ್ರತಿ ಟರ್ನಿಗೂ "ಹೊಡೀತೀನಿ, ಇನ್ನೊಂದು ಹೊಡೀತೀನಿ" ಅಂತ ಹೇಳಿ ಹೇಳಿ ಮನುಷ್ಯ ದಣಿಯುತ್ತಾನೆ. ಹೊಸ ಪುಸ್ತಕದ ವೆಪನ್ ಮಾಸ್ಟರಿ, ಅಂದರೆ ಒಂದೊಂದು ಆಯುಧಕ್ಕೆ ಒಂದೊಂದು ಪಟ್ಟು, ಇದಕ್ಕೆ ಒಳ್ಳೆಯ ಮದ್ದು. ದೊಡ್ಡ ಕತ್ತಿಯ ಗುರಿ ತಪ್ಪಿದರೂ ಒಂದಿಷ್ಟು ಗಾಯ ಆಗುತ್ತದೆ. ದೊಡ್ಡ ಸುತ್ತಿಗೆ ಹಿಡಿದರೆ ಎದುರಾಳಿಯನ್ನು ನೆಲಕ್ಕೆ ಕೆಡವಬಹುದು. ದೊಡ್ಡ ಕೊಡಲಿಯ ಏಟು ಪಕ್ಕದವನಿಗೂ ತಾಗಬಹುದು. ತನ್ನ ಗಾಯ ತಾನೇ ವಾಸಿ ಮಾಡಿಕೊಳ್ಳುವ ಸೆಕೆಂಡ್ ವಿಂಡ್‌ನ ಒಂದು ಬಳಕೆಯನ್ನು ಕೊಟ್ಟು, ಸೋತ ಎಬಿಲಿಟಿ ಚೆಕ್‌ಗೆ ಒಂದು ಡಿ10 ಸೇರಿಸಿಕೊಳ್ಳಬಹುದು. ಅಂದರೆ ಬೀಗ, ಗೋಡೆ, ಮಾತುಕತೆ ಬಂದಾಗಲೂ ಫೈಟರ್‌ಗೆ ಮಾಡಲು ಕೆಲಸ ಇರುತ್ತದೆ. ರೇಂಜರ್ ಬಗ್ಗೆ ನೀವು ದೂರು ಬರೆದಿಲ್ಲ. ಹೊಸದರಲ್ಲಿ ಹಂಟರ್ಸ್ ಮಾರ್ಕ್ ಅನ್ನುವ ಮಂತ್ರ ಸದಾ ಸಿದ್ಧ ಇರುತ್ತದೆ, ಕೆಲವು ಸಲ ಸ್ಲಾಟ್ ಇಲ್ಲದೆ ಹಾಕಬಹುದು ಅನ್ನುವಷ್ಟು ತಿಳಿದಿದ್ದರೆ ಸಾಕು.

ಇಷ್ಟೆಲ್ಲ ವಾದದ ಕೆಳಗೆ ಒಂದು ನಂಬಿಕೆ ಕೂತಿದೆ: ಎಲ್ಲ ಕ್ಲಾಸೂ ಒಂದೇ ಸಮ ಇರಬೇಕು, ಹಿಂದಿನವರು ಅದನ್ನು ಮಾಡಲು ಮರೆತಿದ್ದರು ಅಂತ. ಈ ಆಟದ ಇತಿಹಾಸ ಹಾಗೆ ಹೇಳುವುದಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಮೊದಲ ಪೆಟ್ಟಿಗೆ ತಂದಾಗ ಇದ್ದದ್ದು ಮೂರೇ ಕ್ಲಾಸ್: ಯೋಧ, ಮಂತ್ರಗಾರ, ಕ್ಲೆರಿಕ್ (ದೇವರ ಬಲದ ಪೂಜಾರಿ). ಮಂತ್ರಗಾರ ಶುರುವಿನಲ್ಲಿ ಬಡಕಲು, ಬದುಕಿ ಮೇಲೆ ಬಂದರೆ ಭೀಕರ. ಅದು ಬೇಕೆಂದೇ ಇಟ್ಟ ಏರುಪೇರು. 1981ರ ಬೇಸಿಕ್ ನಿಯಮದಲ್ಲಿ ಎರಡನೇ ಲೆವೆಲ್‌ಗೆ ಹೋಗಲು ಕಳ್ಳನಿಗೆ 1,200 ಅನುಭವದ ಅಂಕ ಸಾಕು, ಯೋಧನಿಗೆ 2,000 ಬೇಕು, ಮಂತ್ರಗಾರನಿಗೆ 2,500. ಬಲ ಜಾಸ್ತಿ ಇರುವವನು ನಿಧಾನ ಬೆಳೆಯಲಿ ಅನ್ನುವುದು ಅವರ ಸಮತೋಲನ. 2008ರ ನಾಲ್ಕನೇ ಆವೃತ್ತಿ ಬೇರೆ ದಾರಿ ಹಿಡಿಯಿತು. ಎಲ್ಲ ಕ್ಲಾಸಿಗೂ ಒಂದೇ ಅಚ್ಚು: ಯಾವಾಗಲೂ ಬಳಸುವ ಶಕ್ತಿ, ಕಾಳಗಕ್ಕೊಮ್ಮೆ ಬಳಸುವ ಶಕ್ತಿ, ದಿನಕ್ಕೊಮ್ಮೆ ಬಳಸುವ ಶಕ್ತಿ. ತೂಕ ಚೆನ್ನಾಗಿ ಕೂಡಿತು. ಆದರೆ ಎಲ್ಲರೂ ಒಂದೇ ಥರ ಆಡಿದ ಹಾಗೆ ಅನಿಸುತ್ತದೆ ಅಂತ ಬಹಳ ಜನ ದೂರಿದರು. 2014ರಲ್ಲಿ ಮತ್ತೆ ಬೇರೆ ಬೇರೆ ಅಚ್ಚು ಬಂತು. ಆ ಬೇರೆತನದ ಜೊತೆಗೇ ನಿಮ್ಮ ಇವತ್ತಿನ ಜಗಳವೂ ಬಂತು. ಎರಡನ್ನೂ ಪೂರ್ತಿ ಪಡೆಯಲು ಆಗುವುದಿಲ್ಲ.

"ಪುಸ್ತಕದಲ್ಲಿ ಬಂದಿದೆ, ಹಾಗಾಗಿ ಅದೇ ಸರಿ" ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. 2022ರ ಆಗಸ್ಟ್‌ನಿಂದ ಪ್ರಕಾಶಕರು ಹೊಸ ನಿಯಮಗಳನ್ನು ಜನರಿಗೆ ಕೊಟ್ಟು ಆಡಿಸಿ ನೋಡಿದರು. ಮೊದಲ ಕರಡಿನಲ್ಲಿ ರಾಕ್ಷಸರಿಗೆ ಕ್ರಿಟಿಕಲ್ಲೇ ಇರಲಿಲ್ಲ. ವಾರ್‌ಲಾಕ್ ಅನ್ನುವ ಕ್ಲಾಸಿನ ಮಂತ್ರದ ಪದ್ಧತಿಯನ್ನೇ ಒಮ್ಮೆ ಬದಲಿಸಿದ್ದರು. ಜನ ಬೇಡ ಅಂದ ಮೇಲೆ ಎರಡನ್ನೂ ಕೈಬಿಟ್ಟರು. ಬರೆದವರೇ ಆಡಿಸಿ, ಕೇಳಿ, ಹಿಂದೆ ಸರಿದಿದ್ದಾರೆ ಅಂದ ಮೇಲೆ ನಿಮ್ಮ ಐದು ಜನ ಆಡಿ ನೋಡಿ ಬದಲಿಸುವುದರಲ್ಲಿ ತಪ್ಪೇನಿದೆ?

ನಮ್ಮ ಊರಿಗೆ ಇದು ಹೊಸದೇನೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹಾಸುಗಳನ್ನು ರೂಪಿಸಿ ಆಟ ಕಟ್ಟಿದವರು. ಜಗನ್ಮೋಹನ ಅರಮನೆಯಲ್ಲಿ ಅವರ ಆಟಗಳ ಚಿತ್ರ ಇವತ್ತಿಗೂ ನೋಡಬಹುದು. ನಮ್ಮ ಮನೆಗಳ ಚೌಕಾಬಾರವನ್ನೇ ನೆನೆಸಿಕೊಳ್ಳಿ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಅಂತ ಒಂದು ಮನೆಯಲ್ಲಿ, ಹೋಗಬಹುದು ಅಂತ ಇನ್ನೊಂದು ಮನೆಯಲ್ಲಿ. ಎರಡೂ ಚೌಕಾಬಾರವೇ. ಕವಡೆ ಕೈಗೆ ತೆಗೆದುಕೊಳ್ಳುವ ಮೊದಲೇ "ನಿಮ್ಮನೇಲಿ ಹೇಗೆ?" ಅಂತ ಕೇಳಿಕೊಳ್ಳುತ್ತೇವೆ. ಜಗಳ ಬರುವುದು ಅರ್ಧ ಆಟದಲ್ಲಿ ನಿಯಮ ತೆಗೆದಾಗ.

ಈಗ ನೀವೇನು ಮಾಡಬಹುದು ಅಂತ ನೋಡೋಣ.

ಮೊದಲ ಕೆಲಸಕ್ಕೆ ಯಾವ ಪುಸ್ತಕವೂ ಬೇಡ. ಭಾನುವಾರ ಮುಗಿದ ಕೂಡಲೇ ಪಾತ್ರಗಳ ದಿನವೂ ಮುಗಿಯುವುದನ್ನು ನಿಲ್ಲಿಸಿ. ನಿಮಗೆ ರೈಲು ಹಿಡಿಯಬೇಕು ಅಂತ ಅವರು ನಿದ್ದೆ ಮಾಡಬೇಕಾಗಿಲ್ಲ ಅಲ್ವಾ? ಲೆಕ್ಕ ನೆನಪಿರಲ್ಲ ಅನ್ನುವುದಕ್ಕೆ ಪರಿಹಾರ ಸುಲಭ. ಏಳುವ ಮೊದಲು ಎಲ್ಲರ ಪಾತ್ರದ ಹಾಳೆಯ ಫೋಟೋ ತೆಗೆದು ಗುಂಪಿನ ವಾಟ್ಸಾಪ್‌ಗೆ ಹಾಕಿ. ಉಳಿದ ಸ್ಲಾಟ್, ಉಳಿದ ಕಿ, ಉಳಿದ ಹಿಟ್ ಪಾಯಿಂಟ್ ಅದರಲ್ಲೇ ಇರುತ್ತದೆ. ಮುಂದಿನ ವಾರ ಅಲ್ಲಿಂದಲೇ ಶುರು. ಲಾಂಗ್ ರೆಸ್ಟ್ ಸಿಗುವುದು ಊರು, ಕೋಟೆ, ಛತ್ರದಂಥ ಸುರಕ್ಷಿತ ಜಾಗದಲ್ಲಿ ಮಾತ್ರ ಅಂತ ನಿಯಮ ಮಾಡಿ. ಕಾಡಿನಲ್ಲಿ, ಗುಹೆಯಲ್ಲಿ ಮಲಗಿದರೆ ಅದು ಶಾರ್ಟ್ ರೆಸ್ಟ್. ಎರಡು ಮೂರು ಭಾನುವಾರಕ್ಕೆ ಒಂದು ಲಾಂಗ್ ರೆಸ್ಟ್ ಬಂದರೆ ನಿಮ್ಮ ಗುಂಪಿಗೆ ಹದವಾಗಿರುತ್ತದೆ.

ಎಲ್ಲವೂ ಕಾಳಗವೇ ಆಗಬೇಕಾಗಿಲ್ಲ. ತುಂಬಿದ ಹೊಳೆ ದಾಟುವುದು, ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಳ್ಳುವುದು, ಕಾವಲುಗಾರನಿಗೆ ಮಾತು ಹಾಕುವುದು, ಇವೆಲ್ಲ ಸ್ಲಾಟ್ ಕೇಳುತ್ತವೆ. ವಿಝಾರ್ಡ್ ಹೊಳೆಯ ಹತ್ತಿರವೇ ಒಂದು ದೊಡ್ಡ ಸ್ಲಾಟ್ ಕಳೆದುಕೊಂಡರೆ ಕಾಳಗಕ್ಕೆ ಉಳಿಯುವುದು ಒಂದೇ ಫೈರ್‌ಬಾಲ್. ಅದನ್ನು ಯಾವಾಗ ಹಾಕಲಿ ಅಂತ ಯೋಚನೆ ಶುರುವಾಗುತ್ತದೆ.

ಇದಕ್ಕೂ ಅಪಾಯ ಇದೆ. ಆಟಗಾರರು ಹೆದರಿ ಎಲ್ಲವನ್ನೂ ಉಳಿಸಿಕೊಂಡು ಸಪ್ಪೆಯಾಗಿ ಆಡಬಹುದು. ಮೊದಲೆರಡು ವಾರ ಕಾಳಗಗಳನ್ನು ಸ್ವಲ್ಪ ಸಣ್ಣದು ಮಾಡಿ, ಶಾರ್ಟ್ ರೆಸ್ಟ್ ಕೇಳಿದರೆ ಧಾರಾಳವಾಗಿ ಕೊಡಿ. 2014ರ ಡಿಎಂ ಪುಸ್ತಕದಲ್ಲಿ ಇನ್ನೂ ಬಿಗಿಯಾದ ಒಂದು ಆಯ್ಕೆ ಇದೆ, ಶಾರ್ಟ್ ರೆಸ್ಟ್‌ಗೆ ಎಂಟು ಗಂಟೆ, ಲಾಂಗ್ ರೆಸ್ಟ್‌ಗೆ ಏಳು ದಿನ. ನಿಮಗೆ ಅದನ್ನು ನಾನು ಹೇಳುವುದಿಲ್ಲ. ಎಂಟು ಗಂಟೆ ಮೈ ಕಾಯುವ ಮೇಜ್ ಆರ್ಮರ್‌ನಂಥ ಮಂತ್ರಗಳು ಅದರಲ್ಲಿ ತುಂಬಾ ದುಬಾರಿ ಆಗುತ್ತವೆ.

ಎಲ್ಲರೂ ಹೊಸ ಪುಸ್ತಕಕ್ಕೆ ಹೋಗುವುದು ಇನ್ನೊಂದು ದಾರಿ. ಇದರಲ್ಲಿ ಸ್ವಚ್ಛತೆ ಇದೆ, ಯಾರಿಗೂ ತಾರತಮ್ಯ ಅನಿಸುವುದಿಲ್ಲ. ಐದೂ ಜನ ಪುಸ್ತಕ ಕೊಳ್ಳಬೇಕಾಗಿಲ್ಲ. ಮೂಲ ನಿಯಮಗಳ ಸಾರ 2025ರ ಏಪ್ರಿಲ್‌ನಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಪ್ರತಿ ಕ್ಲಾಸಿಗೂ ಒಂದು ಸಬ್‌ಕ್ಲಾಸ್ (ಕ್ಲಾಸಿನ ಒಳಕವಲು) ಇದೆ. ತೊಂದರೆ ಏನೆಂದರೆ ಹೊಸ ಪಾತ್ರಗಳು ಹಳೆಯವಕ್ಕಿಂತ ಒಂದು ಹಿಡಿ ಬಲಶಾಲಿ. ನೀವು ನಡೆಸುತ್ತಿರುವುದು ಹಳೆಯ ಸಾಹಸ, ಹಳೆಯ ರಾಕ್ಷಸರು ಅಂತಾದರೆ ಅವರೆಲ್ಲ ಸಲೀಸಾಗಿ ಸಾಯುತ್ತಾರೆ. ವೆಪನ್ ಮಾಸ್ಟರಿಯಿಂದ ಪ್ರತಿ ಟರ್ನೂ ಸ್ವಲ್ಪ ಉದ್ದ ಆಗುತ್ತದೆ. ನಾಲ್ಕು ಗಂಟೆಯ ಆಟಕ್ಕೆ ಅದು ಭಾರ. ದಿನದ ಅಭ್ಯಾಸ ಬದಲಿಸದೆ ಹೋದರೆ ಇದೇ ಜಗಳ ಹೊಸ ಪುಸ್ತಕದ ಜೊತೆಗೂ ಬರುತ್ತದೆ.

ಅವರವರಿಗೆ ಬೇಕಾದ್ದು ಬಿಡುವುದು ಮೂರನೆಯದು. ಎರಡು ಆವೃತ್ತಿಯ ಪಾತ್ರಗಳು ಒಂದೇ ಮೇಜಿನಲ್ಲಿ ಆಡಬಹುದು, ಆಟ ಮುರಿಯುವುದಿಲ್ಲ. ಆದರೆ ಕ್ಲಾಸಿನ ಒಳಗೆ ಬೆರೆಸಲು ಬಿಡಬೇಡಿ. ಹಳೆಯ ಸ್ಟನ್ನಿಂಗ್ ಸ್ಟ್ರೈಕ್ ಇಟ್ಟುಕೊಂಡು ಹೊಸ ಡಿಫ್ಲೆಕ್ಟ್ ಅಟ್ಯಾಕ್ಸ್ ಬೇಕು ಅಂದರೆ ಕೊಡಬಾರದು. ಒಂದು ಕ್ಲಾಸ್ ಪೂರ್ತಿ ಹಳೆಯದು, ಇಲ್ಲ ಪೂರ್ತಿ ಹೊಸದು. ಮಂತ್ರಗಳು ಮಾತ್ರ ಎಲ್ಲರಿಗೂ ಒಂದೇ ಪುಸ್ತಕದವು ಇರಲಿ, ಇಲ್ಲದಿದ್ದರೆ ಪ್ರತಿ ಮಂತ್ರಕ್ಕೂ ಎರಡು ಪುಟ ತಿರುಗಿಸುತ್ತಾ ಕೂರುತ್ತೀರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತೇನೆ. ಮೂರು ನಾಲ್ಕು ಭಾನುವಾರ ಕ್ಲಾಸ್ ಮುಟ್ಟದೆ ರೆಸ್ಟ್ ಬದಲಿಸಿ ಆಡುತ್ತೇನೆ. ಆಮೇಲೆ ಮಂಕ್ ಮತ್ತು ಫೈಟರ್ ಪೂರ್ತಿ ಹೊಸದಕ್ಕೆ ಬರಲಿ, ಯಾಕಂದರೆ ಆ ಎರಡೂ ಕ್ಲಾಸಿಗೆ ಆದ ಬದಲಾವಣೆ ನಿಜಕ್ಕೂ ಆಟವನ್ನು ಚೆನ್ನಾಗಿ ಮಾಡುತ್ತದೆ. ಪ್ಯಾಲಡಿನ್ ಹಳೆಯದರಲ್ಲೇ ಇರಲಿ, ಒಂದೇ ತಿದ್ದುಪಡಿ: ಸ್ಮೈಟ್ ಟರ್ನಿಗೆ ಒಂದು ಸಲ. ಬೋನಸ್ ಆಕ್ಷನ್ ಬೇಡ, ಮಂತ್ರವೂ ಅಲ್ಲ, ಯಾರೂ ಕೌಂಟರ್‌ಸ್ಪೆಲ್ ಹಾಕುವಂತಿಲ್ಲ. ಬೇರೆಯವರ ಕಣ್ಣಿಗೆ ಚುಚ್ಚುತ್ತಿದ್ದದ್ದು ಒಂದೇ ಟರ್ನಿನ ಎರಡೆರಡು ಸ್ಮೈಟ್. ಅದನ್ನು ತೆಗೆದು ಉಳಿದದ್ದನ್ನು ಅವನಿಗೇ ಬಿಟ್ಟರೆ ಅವನ ಪಾತ್ರದ ಗತ್ತು ಉಳಿಯುತ್ತದೆ. ಕ್ಲಾಸಿನ ಒಳಗೆ ಬೆರೆಸಬೇಡಿ ಅಂತ ಈಗಷ್ಟೇ ಹೇಳಿದೆ. ಇದು ಹೊಸದರಿಂದ ಏನನ್ನೂ ಎರವಲು ತರುತ್ತಿಲ್ಲ, ಹಳೆಯದಕ್ಕೆ ಒಂದು ಮಿತಿ ಹಾಕುತ್ತಿದೆ, ಹಾಗಾಗಿ ಒಪ್ಪಬಹುದು.

ಭಾವನ ಹತ್ತಿರ ಈ ಮಾತನ್ನು ಎಲ್ಲರ ಮುಂದೆ ಎತ್ತಬೇಡಿ. ಅವನೊಬ್ಬನೇ ಸಿಕ್ಕಾಗ, ಆಟ ಇಲ್ಲದ ದಿನ, ಮೇಲಿನ ಲೆಕ್ಕ ಒಂದು ಹಾಳೆಯಲ್ಲಿ ಬರೆದುಕೊಂಡು ಕೂತು ಮಾತಾಡಿ. "ನಿನ್ನ ಪಾತ್ರ ಜಾಸ್ತಿ ಆಯ್ತು" ಅನ್ನುವ ಮಾತಿನಿಂದ ಶುರು ಮಾಡಬೇಡಿ. ಅವನು ತಿಂಗಳುಗಟ್ಟಲೆ ಆ ಪಾತ್ರವನ್ನು ಬೆಳೆಸಿದ್ದಾನೆ, ದೊಡ್ಡ ಏಟಿಗೆ ಎಲ್ಲರೂ ಹೋ ಅಂದ ಕ್ಷಣಗಳು ಅವನಿಗೆ ನೆನಪಿವೆ. ಅದು ಹೋಗುತ್ತದೆ ಅಂತ ಅವನಿಗೆ ಭಯ. ನಾನು ನಿಯಮ ಪರೀಕ್ಷೆ ಮಾಡುವಾಗ ಅನುಸರಿಸುವ ಒಂದು ರೀತಿ ನಿಮಗೂ ಉಪಯೋಗಕ್ಕೆ ಬರಬಹುದು. ಕಥೆಗೆ ಸಂಬಂಧವೇ ಇಲ್ಲದ ಒಂದು ಕಾಳಗ ಇಡಿ. ಅದೇ ರಾಕ್ಷಸರು, ಅದೇ ಜಾಗ. ಒಮ್ಮೆ ಹಳೆಯ ಸ್ಮೈಟ್, ಒಮ್ಮೆ ತಿದ್ದಿದ ಸ್ಮೈಟ್. ಎರಡೂ ಸಲ ಅವನೇ ಆಡಲಿ. ಯಾರು ಎಷ್ಟು ಸಲ ಸುಮ್ಮನೆ ಕಾದು ಕೂತರು ಅನ್ನುವುದನ್ನು ನೀವು ಬರೆದುಕೊಳ್ಳಿ. ಡ್ಯಾಮೇಜ್‌ಗಿಂತ ಆ ಅಂಕಿ ಹೆಚ್ಚು ಹೇಳುತ್ತದೆ. ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ತೋರಿಸಿ. ಇಷ್ಟು ವಾರ ಆಡಿ ಮತ್ತೆ ಮಾತಾಡೋಣ ಅಂತ ಅದರಲ್ಲೇ ಬರೆಯಿರಿ.

ಕೊನೆಗೆ ನೀವು ಕೇಳಿದ ಚಿಕ್ಕ ಪ್ರಶ್ನೆ: ಹಿಂದೆ ಆಡಿದ್ದರ ಗತಿ. ಏನೂ ಮುಟ್ಟಬೇಡಿ. ಗೆದ್ದ ಕಾಳಗ ಗೆದ್ದದ್ದೇ, ಸಿಕ್ಕ ಆಯುಧ ಸಿಕ್ಕಿದ್ದೇ. ಬದಲಾವಣೆಯನ್ನು ಒಂದು ಲಾಂಗ್ ರೆಸ್ಟ್ ಆದ ಬೆಳಗ್ಗೆ ಜಾರಿಗೆ ತನ್ನಿ, ಕಾಳಗದ ಮಧ್ಯೆ ಎಂದೂ ಬೇಡ. ಆ ದಿನ ಭಾವನಿಗೆ ತನ್ನ ಫೈಟಿಂಗ್ ಸ್ಟೈಲ್ (ಕಾದಾಡುವ ಶೈಲಿ) ಒಮ್ಮೆ ಹೊಸದಾಗಿ ಆರಿಸಿಕೊಳ್ಳಲು ಅವಕಾಶ ಕೊಡಿ. ಟರ್ನಿಗೆ ಒಂದೇ ಸ್ಮೈಟ್ ಅಂದ ಮೇಲೆ ಕೆಲವರು ದೊಡ್ಡ ಕತ್ತಿ ಕೆಳಗಿಟ್ಟು ಗುರಾಣಿ ಹಿಡಿಯಲು ಇಷ್ಟಪಡುತ್ತಾರೆ. ಆ ಆಯ್ಕೆ ಅವನದೇ ಇರಲಿ.